ಕೌದಿ ಸಂಘದ ಆಟದ ಶನಿವಾರ

ಆಟ ಎಂದರೆ ಸ್ಕೇಲ್ ಟೀಚರಿಗೆ ಮೊದಲಿನಿಂದಲೂ ಆಗದು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿದವರು ಅವರು. ಆಟದ ಪೀರಿಯಡ್ಡು ಎಂದರೆ ಅವರ ಪಾಲಿಗೆ ಪಾಠಕ್ಕೆ ಸಿಗದೆ ಹಾಳಾಗಿ ಹೋದ ನಲವತ್ತು ನಿಮಿಷ. ಅಂಥವರ ಕೊರಳಿಗೆ ಅರವತ್ತೆರಡನೇ ವಯಸ್ಸಿನಲ್ಲಿ ಆಟ ಆಡಿಸುವ ಕೆಲಸ ಬಂದು ಬಿತ್ತು. ಅದೂ ಮಕ್ಕಳಿಗಲ್ಲ, ಮಂಡಿನೋವಿನ ಹೆಂಗಸರಿಗೆ.

ಸ್ಕೇಲ್ ಟೀಚರ್ ಎಂಬ ಹೆಸರನ್ನು ಮಕ್ಕಳು ಇಟ್ಟಿದ್ದು. ಅವರು ಸ್ಕೇಲಿನಿಂದ ಯಾರಿಗೂ ಹೊಡೆದವರಲ್ಲ. ಆದರೆ ಸೊಟ್ಟಗಿರುವುದು ಯಾವುದೂ ಅವರ ಕಣ್ಣಿಗೆ ಹಿಡಿಸುತ್ತಿರಲಿಲ್ಲ. ಬೇರೆಯವರ ಮನೆಗೆ ಹೋದರೆ ಮೊದಲು ಗೋಡೆಯ ಫೋಟೋ ನೆಟ್ಟಗೆ ಮಾಡಿ, ಆಮೇಲೆ ಕೂರುವರು. ಮನೆಯಲ್ಲಿ ಗಂಡ ಓದಿಟ್ಟ ಪತ್ರಿಕೆಯನ್ನು ಮಡಿಕೆ ಮೇಲೆ ಮಡಿಕೆ ಕೂರುವಂತೆ ಮತ್ತೆ ಮಡಿಸುವರು. ನಿವೃತ್ತರಾದ ಮೇಲೆ ಮನೆಯಲ್ಲಿ ನೆಟ್ಟಗೆ ಮಾಡಲು ಉಳಿದದ್ದು ಗಂಡ ಒಬ್ಬರೇ. ಅವರೋ ಅಂಚೆ ಕಚೇರಿಯಲ್ಲಿ ದುಡಿದು ಬಂದು, ನೆಟ್ಟಗಾಗುವ ವಯಸ್ಸು ದಾಟಿ, ಆರಾಮಾಗಿ ಒರಗು ಕುರ್ಚಿಯಲ್ಲಿ ಸೊಟ್ಟಗೆ ಕೂತಿದ್ದರು. ಆಗ ಟೀಚರ್ ಕೌದಿ ಸಂಘ ಕಟ್ಟಿದರು.

ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ, ಪದರದ ಮೇಲೆ ಪದರ ಇಟ್ಟು, ಉದ್ದಕ್ಕೂ ಕೈಹೊಲಿಗೆಯ ಸಾಲು ಹಾಕಿ ಹೊದಿಕೆ ಮಾಡುವ ಕೆಲಸ ಅವರಿಗೆ ಹೇಳಿ ಮಾಡಿಸಿದಂತಿತ್ತು. ಒಂದು ಸಾಲಿಗೂ ಇನ್ನೊಂದಕ್ಕೂ ಬೆರಳಗಲ ಜಾಗ, ಒಂದು ಹೊಲಿಗೆಗೂ ಇನ್ನೊಂದಕ್ಕೂ ಅಕ್ಕಿಕಾಳಿನಷ್ಟು ಅಂತರ. ವಾಚನಾಲಯದ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತು. ಉದ್ದನೆಯ ಮೇಜು, ಕಬ್ಬಿಣದ ಕುರ್ಚಿಗಳು, ಬೆಳಕು ಚೆನ್ನಾಗಿ ಬೀಳುವ ಎರಡು ಕಿಟಕಿ, ಗುಂಯ್ ಎನ್ನುವ ಒಂದು ಟ್ಯೂಬ್‌ಲೈಟು. ಶನಿವಾರ ಮೂರರಿಂದ ಐದರವರೆಗೆ ಆ ಕೋಣೆ ಸಂಘದ್ದು. ವಾರದ ಉಳಿದ ಆರು ದಿನಗಳನ್ನು ಟೀಚರ್ ಕಳೆಯುತ್ತಿದ್ದುದೇ ಆ ಎರಡು ಗಂಟೆಯ ಆಸೆಯಲ್ಲಿ. ಇದನ್ನು ಅವರು ಯಾರೊಂದಿಗೂ ಹೇಳಿಕೊಂಡಿರಲಿಲ್ಲ, ಗಂಡನಿಗೆ ಹೇಳದೆಯೇ ಗೊತ್ತಿತ್ತು.

ಈಗ ಆ ಕೋಣೆಗೇ ಕುತ್ತು ಬಂದಿತ್ತು. ಕಟ್ಟಡದ ಮ್ಯಾನೇಜರ್ ಒಂದು ದಿನ ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು ಸಕ್ಕರೆಯಂಥ ದನಿಯಲ್ಲಿ ಹೇಳಿದ. "ಹನ್ನೆರಡು ಜನ ಸದಸ್ಯರಿದ್ದರೆ ಮಾತ್ರ ಕೋಣೆ ಅಂತ ನಿಯಮ ಟೀಚರ್. ನಿಮ್ಮ ರಿಜಿಸ್ಟರಲ್ಲಿ ಒಂಬತ್ತೇ ಹೆಸರಿದೆ. ಕರಾಟೆಯವರು ಕೋಣೆ ಕೇಳ್ತಾ ಇದಾರೆ, ಅವರಲ್ಲಿ ಮೂವತ್ತು ಮಕ್ಕಳು. ಈ ತಿಂಗಳ ಕೊನೇ ಶನಿವಾರ ರಿಜಿಸ್ಟರ್ ನೋಡ್ತೀನಿ. ನಿಯಮ ಅಂದ್ರೆ ನಿಯಮ ಅಲ್ವಾ, ನೀವೇ ಹೇಳಿ."

ಟೀಚರಿಗೆ ಮೈ ಉರಿದುಹೋಯಿತು. ನಿಯಮ ಅಂದರೆ ನಿಯಮ ಎಂದು ಜೀವಮಾನವಿಡೀ ಹೇಳಿಕೊಂಡು ಬಂದ ಬಾಯಿ ಅವರದು. ಈಗ ಅದೇ ಬಾಯಲ್ಲಿ ಇವನಿಗೇನು ಹೇಳುವುದು?

ಹೊಸಬರು ಬರುತ್ತಿರಲಿಲ್ಲ ಎಂದಲ್ಲ. ಎರಡು ವರ್ಷದಲ್ಲಿ ಏಳು ಮಂದಿ ಬಂದಿದ್ದರು. ಒಂದು ಶನಿವಾರ ಬಂದು, ನಗುನಗುತ್ತಾ ಕೂತು ಹೋದವರು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಯಾಕೆಂದು ಯಾರಿಗೂ ತಿಳಿಯದು. ಟೀಚರ ತಂಗಿಯ ಮಗಳು ಮಾತ್ರ ಫೋನಿನಲ್ಲಿ ಒಂದೇ ಏಟಿಗೆ ತೀರ್ಪು ಕೊಟ್ಟಳು. "ದೊಡ್ಡಮ್ಮಾ, ಬೋರಾಗತ್ತೆ ಅಷ್ಟೇ. ಎರಡು ಗಂಟೆ ತಲೆ ಬಗ್ಗಿಸಿಕೊಂಡು ಹೊಲೀರಿ ಅಂದ್ರೆ ಯಾರು ಬರ್ತಾರೆ? ಏನಾದ್ರೂ ಗೇಮ್ಸ್ ಆಡಿಸಿ."

ಹೀಗೆ ಟೀಚರ್ ಒಂದು ನೂರು ಪುಟದ ನೋಟ್‌ಬುಕ್ಕು ತಂದು, ಮೊದಲ ಪುಟದಲ್ಲಿ 'ಆಟಗಳು' ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು ಕೂತರು. ಮೂರು ದಿನ ಆ ಗೆರೆಗಳ ಕೆಳಗೆ ಏನೂ ಬರಲಿಲ್ಲ.

ಮೊದಲು ಹೊಳೆದದ್ದು ಕುರ್ಚಿ ಆಟ. ಹಾಡು ನಿಂತ ಕೂಡಲೇ ಓಡಿ ಕುರ್ಚಿ ಹಿಡಿಯಬೇಕು. ಆದರೆ ಸಂಘದ ಹಿರಿಯಳಾದ ದೊಡ್ಡಕ್ಕ, ಐವತ್ತು ವರ್ಷ ಟೈಲರ್ ಅಂಗಡಿ ನಡೆಸಿದವಳು, ಸೊಂಟದ ಆಪರೇಶನ್ ಆದಮೇಲೆ ಕುರ್ಚಿಯಿಂದ ಏಳುತ್ತಿದ್ದುದೇ ಒಂದು ಸಲ, ಐದು ಗಂಟೆಗೆ ಮನೆಗೆ ಹೋಗಲು. ಆ ಆಟಕ್ಕೆ ಅಡ್ಡಗೆರೆ ಬಿತ್ತು.

ಆಮೇಲೆ ಸೂಜಿಗೆ ದಾರ ಪೋಣಿಸುವ ಪಂದ್ಯ. ಇದನ್ನು ಒಂದು ಶನಿವಾರ ಒಂಬತ್ತು ಜನರ ಮೇಲೇ ಪ್ರಯೋಗ ಮಾಡಿದರು. ಮೊದಲ ನಾಲ್ಕು ನಿಮಿಷ ಕನ್ನಡಕ ಹುಡುಕುವುದರಲ್ಲಿ ಹೋಯಿತು. ಇಬ್ಬರು ಒಬ್ಬರ ಕನ್ನಡಕ ಇನ್ನೊಬ್ಬರು ಹಾಕಿಕೊಂಡು, ಕಣ್ಣೇ ಮಂಜಾಯಿತೆಂದು ಗಾಬರಿಯಾದರು. ನಿವೃತ್ತ ನರ್ಸಮ್ಮ ಚೀಲದಿಂದ ದಾರ ಪೋಣಿಸುವ ತಂತಿಯೊಂದನ್ನು ತೆಗೆದು ಕಣ್ಣು ಮಿಟುಕಿಸುವಷ್ಟರಲ್ಲಿ ಗೆದ್ದುಬಿಟ್ಟಳು. ಅದು ಮೋಸ ಎಂದು ದೊಡ್ಡಕ್ಕ, ಬುದ್ಧಿ ಎಂದು ನರ್ಸಮ್ಮ. ನಾಲ್ಕೂವರೆಯವರೆಗೆ ಅದೇ ಆಯಿತು, ಹೊಲಿಗೆ ಒಂದು ಗೇಣೂ ಮುಂದೆ ಹೋಗಲಿಲ್ಲ.

ಕಣ್ಣು ಕಟ್ಟಿಕೊಂಡು ಬಟ್ಟೆ ಮುಟ್ಟಿ ಯಾವುದೆಂದು ಹೇಳುವ ಆಟ ಇನ್ನೂ ದೊಡ್ಡ ರಗಳೆ. ಮೊದಲ ತುಂಡು ಮುಟ್ಟಿದವಳೇ ಕಣ್ಣಿನ ಪಟ್ಟಿ ಕಿತ್ತು ಹಾಕಿದಳು. "ಇದು ನಮ್ಮನೆ ಕಿಟಕಿ ಪರದೆ. ನಾನು ಕೊಟ್ಟಿದ್ದು ಕೌದಿಗೆ, ಆಟಕ್ಕಲ್ಲ." ಅವಳ ಮುಖ ಮುಂದಿನ ವಾರದವರೆಗೂ ಊದಿಕೊಂಡೇ ಇತ್ತು.

"ಬಾಟಲಿಯಲ್ಲಿ ಗುಂಡಿ ತುಂಬಿಡು, ಎಷ್ಟಿವೆ ಅಂತ ಹೇಳಲಿ. ಯಾರೂ ಓಡೋದು ಬೇಡ, ಮುಟ್ಟೋದೂ ಬೇಡ," ಎಂದು ಗಂಡ ಒರಗು ಕುರ್ಚಿಯಿಂದಲೇ ಸಲಹೆ ಕೊಟ್ಟರು.

ಒಳ್ಳೆಯ ಸಲಹೆಯೇ. ಟೀಚರ್ ಗುಂಡಿಗಳನ್ನು ಹತ್ತು ಹತ್ತರ ಸಾಲು ಜೋಡಿಸಿ ಎಣಿಸಿದರು. ಅನುಮಾನ ಬಂದು ಸಂಜೆ ಮತ್ತೆ ಎಣಿಸಿದರೆ ಎರಡು ಕಡಿಮೆ. ನೋಡಿದರೆ ಗಂಡನ ಅಂಗಿಯಲ್ಲಿ ಎರಡು ಹೊಸ ಗುಂಡಿ, ಒಂದು ನೀಲಿ, ಒಂದು ಕೆಂಪು. ಹೊಲಿದುಕೊಂಡದ್ದೂ ಅವರೇ, ಅದೂ ಸೊಟ್ಟಗೆ.

"ನಿಮಗೆ ಆಟ ಬೇರೆ ಕೇಡು," ಎಂದರು ಟೀಚರ್.

"ನನಗಲ್ಲ ಕಣೇ, ನಿನಗೆ ಬೇಕಾಗಿರೋದು," ಎಂದರು ಅವರು, ಪತ್ರಿಕೆಯಿಂದ ತಲೆ ಎತ್ತದೆ.

ತಲೆ ಚಿಟ್ಟು ಹಿಡಿದು, ಇನ್ನು ಕರಾಟೆಯವರೇ ಬರಲಿ ಎಂದುಕೊಂಡ ಹೊತ್ತಿನಲ್ಲಿ ಅವರಿಗೆ ತಮ್ಮದೇ ಒಂದು ಆಟ ಹೊಳೆಯಿತು. ಎರಡು ತಂಡ. ತಂಡಕ್ಕೊಂದು ಬಟ್ಟೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಎಳೆದ ನೇರ ಗೆರೆಗಳು. ಒಬ್ಬೊಬ್ಬರು ಎರಡೆರಡು ನಿಮಿಷ ಹೊಲಿದು, ಮೊಬೈಲಿನ ಗಂಟೆ ಹೊಡೆದ ಕೂಡಲೇ ಪಕ್ಕದವರಿಗೆ ದಾಟಿಸಬೇಕು. ಹೆಚ್ಚು ಸಾಲು ಮುಗಿಸಿದ ತಂಡ ಗೆದ್ದಂತೆ. ಓಡುವುದಿಲ್ಲ, ಕನ್ನಡಕ ಮೊದಲೇ ಹಾಕಿಕೊಂಡಿರುತ್ತಾರೆ, ಕೆಲಸವೂ ಆಗುತ್ತದೆ. ಹೊಸಬರು ಹಳಬರ ನಡುವೆ ಕೂರಬೇಕು, ಆಗ ಪರಿಚಯವೂ ಆಗುತ್ತದೆ. ಟೀಚರಿಗೆ ತಮ್ಮ ಮೇಲೆಯೇ ಮೆಚ್ಚುಗೆ ಬಂತು. ನೋಟ್‌ಬುಕ್ಕಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ನಕ್ಷೆ ಬರೆದು, ಬಣ್ಣವನ್ನೂ ತುಂಬಿದರು.

ತಿಂಗಳ ಕೊನೆಯ ಶನಿವಾರ ಬಂತು. ಪುಣ್ಯಕ್ಕೆ ಹೊಸಬರು ಸರಿಯಾಗಿ ಮೂವರು ಬಂದರು. ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ. ಗೋಡೆಗೆ ಬಣ್ಣ ಹೊಡೆದು ಹೊಡೆದು ಈಗ ಭುಜ ಎತ್ತಲಾಗದೆ ಮನೆಯಲ್ಲಿ ಕೂತಿರುವ ಒಬ್ಬ ಪೇಂಟರ್, ಸಂಘದ ಮೊದಲ ಗಂಡಸು. ಮೂರನೆಯವಳು ಬಸ್ ಕಂಡಕ್ಟರ್. ಮೂವತ್ತೈದರ ಆಸುಪಾಸಿನ, ಗಟ್ಟಿ ದನಿಯ, ಮೆಟ್ಟಿಲು ಎರಡೆರಡಾಗಿ ಹತ್ತಿ ಬಂದ ಹೆಂಗಸು.

"ಸೂಜಿ ಹಿಡಿದೇ ಗೊತ್ತಿಲ್ಲ ಟೀಚರೇ. ಕಲಿಸ್ತೀರಾ?" ಎಂದಳು.

"ಅದಕ್ಕೇ ಅಲ್ವೇನಮ್ಮಾ ಇರೋದು," ಎಂದು ಟೀಚರ್ ಅವಳನ್ನು ನಕ್ಷೆಯ ಪ್ರಕಾರ ಮೊದಲ ತಂಡದ ಮೊದಲ ಕುರ್ಚಿಯಲ್ಲಿ ಕೂರಿಸಿ, ತಾವು ಅವಳ ಪಕ್ಕದಲ್ಲಿ ಕೂತರು.

ಗಂಟೆ ಹೊಡೆಯಿತು. ಕಂಡಕ್ಟರ್ ನಾಲಿಗೆ ತುದಿ ಕಚ್ಚಿಕೊಂಡು ಹೊಲಿಯತೊಡಗಿದಳು. ಒಂದು ಹೊಲಿಗೆ ಅಕ್ಕಿಕಾಳಿನಷ್ಟು, ಇನ್ನೊಂದು ಹುಣಸೆಬೀಜದಷ್ಟು. ಸೀಮೆಸುಣ್ಣದ ಗೆರೆ ಒಂದು ಕಡೆ ಹೋದರೆ ದಾರ ಇನ್ನೊಂದು ಕಡೆ. ಬೆರಳಿಗೆ ಎರಡು ಸಲ ಸೂಜಿ ಚುಚ್ಚಿತು, ಅವಳು ನಿಲ್ಲಿಸಲಿಲ್ಲ. ಎರಡು ನಿಮಿಷಕ್ಕೆ ಒಂದು ಗೇಣು ಸಾಲು ಮುಗಿಸಿ, ಗಂಟೆಯಾದ ಕೂಡಲೇ ಮುಖ ಅರಳಿಸಿಕೊಂಡು ಟೀಚರ ಕೈಗೆ ದಾಟಿಸಿದಳು.

ಟೀಚರ್ ಆ ಸಾಲು ನೋಡಿದರು. ಸೊಟ್ಟ. ಮುಂದೆ ಏನು ಮಾಡಿದೆನೆಂದು ಅವರಿಗೆ ಆಗ ಗಮನವೇ ಇರಲಿಲ್ಲ. ಕೈ ತಾನಾಗಿ ಹೊಲಿಗೆ ಬಿಚ್ಚುವ ಪುಟ್ಟ ಕತ್ತರಿಗೆ ಹೋಯಿತು. ಟಕ್ ಟಕ್ ಎಂದು ಒಂದೊಂದೇ ಹೊಲಿಗೆ ಕತ್ತರಿಸಿ, ದಾರ ಎಳೆದು, ಬಟ್ಟೆ ಕೊಡವಿದರು. ಹೊಸದಾಗಿ ದಾರ ಪೋಣಿಸಿ ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಗಂಟೆ ಹೊಡೆಯಿತು. ಅವರ ಪಕ್ಕದ ನರ್ಸಮ್ಮ ಆ ನಾಲ್ಕು ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಗಂಟು ಮೇಲ್ಗಡೆ ಬಂದಿದೆಯೆಂದು ಮೂಗು ಮುರಿದು, ಬಿಚ್ಚಿದಳು. ಅವಳದನ್ನು ಅವಳ ಪಕ್ಕದವಳು ಬಿಚ್ಚಿದಳು. ಎದುರು ತಂಡದಲ್ಲಿ ಪೇಂಟರನ ಸಾಲನ್ನು ಕಿಟಕಿ ಪರದೆಯವಳು ಬಿಚ್ಚಿದರೆ, ಮೆಡಿಕಲ್ ಹುಡುಗಿಯ ಸಾಲನ್ನು ದೊಡ್ಡಕ್ಕ ಕಣ್ಣು ಮುಚ್ಚಿಕೊಂಡೇ ಬಿಚ್ಚಿ, ದಾರವನ್ನು ಬೆರಳಿಗೆ ಸುತ್ತಿ ಉಳಿಸಿಟ್ಟಳು.

ಹನ್ನೆರಡು ನಿಮಿಷ ಮುಗಿದು ಎರಡೂ ಬಟ್ಟೆ ಮೇಜಿನ ಮೇಲೆ ಬಂದಾಗ, ಮೊದಲ ತಂಡದ ಬಟ್ಟೆಯಲ್ಲಿ ಒಂದು ಹೊಲಿಗೆಯೂ ಇರಲಿಲ್ಲ, ಕೊನೆಯವಳ ಎರಡು ನಿಮಿಷ ಬಿಚ್ಚುವುದರಲ್ಲೇ ಮುಗಿದಿತ್ತು. ಎರಡನೆಯದರಲ್ಲಿ ದೊಡ್ಡಕ್ಕನ ಆರು ಹೊಲಿಗೆ ಉಳಿದಿದ್ದವು, ಅದೂ ಅವಳ ನಂತರ ಯಾರೂ ಇಲ್ಲದ್ದರಿಂದ. ಹಳಬರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಚರಿಗೆ ಮಾತ್ರ ರೇಗಿ ಹೋಯಿತು.

"ಹೊಲೀರಿ ಅಂದ್ರೆ ಬಿಚ್ಚಿದೀರಲ್ರೇ. ಒಂದು ಆಟ ನೆಟ್ಟಗೆ ಆಡೋಕೆ ಬರಲ್ವಾ ನಿಮಗೆ?"

"ನೀವೇ ಮೊದಲು ಬಿಚ್ಚಿದ್ದು," ಎಂದಳು ನರ್ಸಮ್ಮ.

ಇಲ್ಲ ಎನ್ನಲು ಟೀಚರ್ ಬಾಯಿ ತೆರೆದರು. ತಮ್ಮ ಮುಂದೆ ಮೇಜಿನ ಮೇಲೆ ಕಂಡಕ್ಟರ್ ಹೊಲಿದಿದ್ದ ದಾರದ ಚೂರುಗಳು ಗುಡ್ಡೆಯಾಗಿ ಬಿದ್ದಿದ್ದವು. ಪಕ್ಕಕ್ಕೆ ತಿರುಗಿದರೆ ಕುರ್ಚಿ ಖಾಲಿ.

"ಡ್ಯೂಟಿ ಇದೆ ಅಂತ ಚೀಲ ತಗೊಂಡು ಹೋದ್ರು," ಎಂದ ಪೇಂಟರ್.

"ಇವತ್ತು ರಜ ಅಂತ ಬಂದಾಗ ನನ್ನ ಹತ್ರ ಹೇಳಿದಳಲ್ಲ," ಎಂದಳು ನರ್ಸಮ್ಮ.

ಆಮೇಲೆ ಮೆಡಿಕಲ್ ಹುಡುಗಿ ತಗ್ಗಿದ ದನಿಯಲ್ಲಿ ಹೇಳಿದಳು. "ಹೋದ ವರ್ಷ ನಮ್ಮಕ್ಕ ಬಂದಿದ್ದಳು. ಒಂದೇ ವಾರ. ಅವಳು ಹೊಲಿದಿದ್ದನ್ನ ಕೈಯಿಂದ ಇಸ್ಕೊಂಡು ಎಲ್ಲಾ ಬಿಚ್ಚಿ ನೀವೇ ಹೊಲಿದು ಕೊಟ್ರಂತೆ. ಚೆನ್ನಾಗೇ ಹೊಲಿದಿದ್ರಂತೆ. ಅವಳು ಆ ತುಂಡನ್ನ ಮನೆಗೆ ತರಲೇ ಇಲ್ಲ."

ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿದ ಕೂಡಲೇ ಟೀಚರಿಗೆ ಆದದ್ದು ನಾಚಿಕೆ. ಬೇಜಾರಲ್ಲ, ಸಿಟ್ಟಲ್ಲ, ಶುದ್ಧ ನಾಚಿಕೆ. ಏಳು ಜನರ ಮುಖ ನೆನಪು ಮಾಡಿಕೊಳ್ಳಲು ನೋಡಿದರು. ಒಂದೂ ನೆನಪಾಗಲಿಲ್ಲ, ಅವರ ಹೊಲಿಗೆಯ ತಪ್ಪುಗಳು ಮಾತ್ರ ಒಂದೊಂದಾಗಿ ಸ್ಪಷ್ಟವಾಗಿ ನೆನಪಾದವು. ಅವರು ಎದ್ದು, ಚಪ್ಪಲಿ ಮೆಟ್ಟಿ, ಮಂಡಿಯನ್ನು ಬೈಯುತ್ತಾ ಎರಡು ಮಹಡಿ ಇಳಿದರು.

ಕಂಡಕ್ಟರ್ ರಸ್ತೆಯಾಚೆ ಬಸ್‌ಸ್ಟಾಪಿನಲ್ಲಿ ನಿಂತಿದ್ದಳು. ಟೀಚರ್ ಏದುಸಿರು ಬಿಡುತ್ತಾ ಪಕ್ಕದಲ್ಲಿ ಹೋಗಿ ನಿಂತರು.

"ಹೇಳದೆ ಬಂದುಬಿಟ್ರಲ್ಲಮ್ಮಾ."

"ಡ್ಯೂಟಿ ಟೀಚರೇ."

"ಇವತ್ತು ರಜ ಅಂತೆ."

ಅವಳು ಬಸ್ ಬರುವ ದಿಕ್ಕನ್ನೇ ನೋಡುತ್ತಾ ಹೇಳಿದಳು. "ದಿನಾ ಎಂಟು ಗಂಟೆ ನಿಂತೇ ಇರ್ತೀನಿ. ಚಿಲ್ಲರೆ ಕೊಡಲಿಲ್ಲ ಅಂತ ಒಬ್ಬರು, ಸ್ಟಾಪ್ ಕೂಗಲಿಲ್ಲ ಅಂತ ಇನ್ನೊಬ್ಬರು. ನನ್ನ ತಪ್ಪು ಹಿಡಿಯೋಕೆ ಜನ ಬೇಕಾದಷ್ಟು ಇದಾರೆ. ವಾರಕ್ಕೊಂದು ದಿನ ಕೂತ್ಕೊಂಡು, ನನ್ನ ಕೈಯಾರೆ ಏನಾದ್ರೂ ಮಾಡೋಣ ಅಂತ ಬಂದೆ. ನಾನು ಎರಡು ನಿಮಿಷ ಹೊಲಿದೆ, ನೀವು ಬಿಚ್ಚಿದ್ರಿ. ನಾನು ಪಕ್ಕದಲ್ಲೇ ಕೂತಿದ್ದೆ ಟೀಚರೇ."

"ಸೊಟ್ಟ ಇತ್ತಮ್ಮ ಅದು." ಮಾತು ಬಾಯಿ ಜಾರಿ ಬಂದುಬಿಟ್ಟಿತು. ಟೀಚರ್ ತಮ್ಮ ನಾಲಿಗೆಯನ್ನು ತಾವೇ ಶಪಿಸಿಕೊಂಡರು.

"ಇತ್ತು. ಸೂಜಿ ಹಿಡಿದೇ ಗೊತ್ತಿಲ್ಲ ಅಂತ ಮೊದಲೇ ಹೇಳಿದ್ದೆ."

ಇನ್ನು ಸುತ್ತಿ ಬಳಸಿ ಪ್ರಯೋಜನವಿರಲಿಲ್ಲ. "ನನ್ನಿಂದ ತಪ್ಪಾಯ್ತು," ಎಂದರು ಟೀಚರ್. ಆ ಮಾತು ಅವರ ಬಾಯಿಗೆ ತೀರಾ ಹೊಸದು. "ಇನ್ನೊಂದು ವಿಷಯ. ಇವತ್ತು ನೀವು ಹೆಸರು ಬರೀದಿದ್ರೆ ನಮ್ಮ ಕೋಣೆ ಹೋಗತ್ತೆ. ಅದಕ್ಕೇ ಹಿಂದೆ ಓಡಿಬಂದಳು ಮುದುಕಿ ಅಂತ ನೀವು ಅಂದ್ಕೊಂಡ್ರೆ, ಅದೂ ನಿಜಾನೇ. ಆ ಕೋಣೆ ಬಿಟ್ರೆ ನನಗೆ ಬೇರೆ ಏನೂ ಇಲ್ಲ."

ಕಂಡಕ್ಟರ್ ಮೊದಲ ಸಲ ಅವರತ್ತ ತಿರುಗಿ ನೋಡಿದಳು. ಬಸ್ ಬಂದು ನಿಂತಿತು. ಬಾಗಿಲಲ್ಲಿದ್ದ ಇನ್ನೊಬ್ಬ ಕಂಡಕ್ಟರ್ ಕೈಸನ್ನೆಯಲ್ಲಿ ಕರೆದ. ಇವಳು ಹೋಗು ಎಂದು ಕೈ ಬೀಸಿದಳು.

"ಆ ಸಾಲನ್ನ ನಾನೇ ಹೊಲೀತೀನಿ. ಈ ತುದಿಯಿಂದ ಆ ತುದಿವರೆಗೆ. ಯಾರೂ ಮುಟ್ಟಬಾರದು. ಆಮೇಲೆ ಹೆಸರು ಬರೀತೀನಿ."

ಮೇಲೆ ಬಂದು ಅವಳು ಬಟ್ಟೆ ಎಳೆದುಕೊಂಡು ಕೂತಳು. ಹಳಬರಿಗೆ ಟೀಚರ್ ವಿಷಯ ಹೇಳಿ, ಎಲ್ಲರ ಪುಟ್ಟ ಕತ್ತರಿಗಳನ್ನೂ ಇಸಿದುಕೊಂಡು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ಮುಂದಿನ ಮೂವತ್ತೈದು ನಿಮಿಷ ಸಂಘದ ಇತಿಹಾಸದಲ್ಲೇ ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವರು ಹೊಲಿಯದೆ ಕೂತವರು. ಸಾಲು ಎಡಕ್ಕೆ ವಾಲಿತು, ಬಲಕ್ಕೆ ಎಳೆಯಿತು, ಒಂದು ಕಡೆ ಬಟ್ಟೆಯೇ ಸುಕ್ಕು ಬಂತು. ದೊಡ್ಡಕ್ಕ ನೋಡಲಾರದೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ನರ್ಸಮ್ಮ ನಾಡಿ ನೋಡುವವಳ ಹಾಗೆ ತನ್ನ ಮಣಿಕಟ್ಟನ್ನು ತಾನೇ ಬಿಗಿಯಾಗಿ ಹಿಡಿದಿದ್ದಳು. ಟೀಚರ್ ಎರಡೂ ಅಂಗೈಗಳನ್ನು ತೊಡೆಯಡಿ ಇಟ್ಟುಕೊಂಡು ಅದರ ಮೇಲೆ ಕೂತುಬಿಟ್ಟರು. ಕಬ್ಬಿಣದ ಕುರ್ಚಿ ಒತ್ತಿ ಬೆರಳು ಜೋಮು ಹಿಡಿದರೂ ತೆಗೆಯಲಿಲ್ಲ. ಹೇಗೆ ತಿದ್ದಬೇಕೆಂಬ ಮಾತು ಹತ್ತು ಸಲ ಗಂಟಲವರೆಗೆ ಬಂತು, ಹತ್ತು ಸಲವೂ ನುಂಗಿದರು.

"ಗಂಟು ಹೇಗೆ ಹಾಕೋದು ಟೀಚರೇ?" ಎಂದು ಕೊನೆಗೆ ಅವಳೇ ಕೇಳಿದಳು.

ಟೀಚರ್ ಕೈ ಹೊರತೆಗೆಯದೆ ಬಾಯಲ್ಲೇ ಹೇಳಿಕೊಟ್ಟರು. ಅವಳು ಹೇಳಿದಂತೆ ಗಂಟು ಹಾಕಿ, ಕತ್ತರಿ ಕಾಣದೆ, ದಾರವನ್ನು ಹಲ್ಲಿನಲ್ಲಿ ಕಡಿದಳು. ದೊಡ್ಡಕ್ಕನ ಗಂಟಲಿನಿಂದ ಒಂದು ಸಣ್ಣ ನರಳಿಕೆ ಹೊರಟಿತು.

ಬಟ್ಟೆಯನ್ನು ತೋಳು ಚಾಚಿ ಹಿಡಿದು ಅವಳು ನೋಡಿದಳು. "ಸೊಟ್ಟಾನೇ ಇದೆ," ಎಂದು ನಕ್ಕಳು, ಆದರೆ ಬೇಗ ಕೆಳಗಿಡಲಿಲ್ಲ. ಆಮೇಲೆ ರಿಜಿಸ್ಟರ್ ತೆಗೆದುಕೊಂಡು, ಹುಡುಗಿಯ ಹಾಗೂ ಪೇಂಟರನ ಹೆಸರಿನ ಕೆಳಗೆ ತನ್ನದನ್ನೂ ಬರೆದಳು. "ಬರೋ ಶನಿವಾರ ನಿಜವಾಗ್ಲೂ ಡ್ಯೂಟಿ ಇದೆ. ಅದರಾಚೆ ವಾರ ಬರ್ತೀನಿ. ಇದರ ಪಕ್ಕದಲ್ಲೇ ಎರಡನೇ ಸಾಲು ಹಾಕ್ತೀನಿ, ಇದು ಹೀಗೇ ಇರಲಿ."

"ಇರತ್ತಮ್ಮ," ಎಂದರು ಟೀಚರ್.

ಎಲ್ಲರೂ ಹೋದ ಮೇಲೆ ಅವರೊಬ್ಬರೇ ಉಳಿದರು. ಬಟ್ಟೆ ಮಡಿಸಲು ಹೋದರೆ ಸಾಲು ಕಣ್ಣಿಗೆ ಹೊಡೆಯಿತು. ಮಡಿಸಿ ಚೀಲಕ್ಕೆ ಹಾಕಿದರು. ಮತ್ತೆ ತೆಗೆದರು. ನಡುವೆ ಸುಕ್ಕು ಬಂದ ಕಡೆಯ ಮೂರು ಹೊಲಿಗೆ, ಮೂರೇ, ಬಿಚ್ಚಿ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ? ಡಬ್ಬಿಯ ಮುಚ್ಚಳ ಯಾವಾಗ ತೆಗೆದರೋ, ಕತ್ತರಿ ಕೈಯಲ್ಲಿತ್ತು.

ಅವರು ಕತ್ತರಿಯನ್ನು ಅಲ್ಲೇ ಬಿಟ್ಟು, ಬಟ್ಟೆಯನ್ನೂ ರಿಜಿಸ್ಟರನ್ನೂ ಎತ್ತಿಕೊಂಡು ಕೆಳಗಿನ ಕಚೇರಿಗೆ ನಡೆದರು. ಮ್ಯಾನೇಜರ್ ಹೆಸರುಗಳ ಮೇಲೆ ಬೆರಳಾಡಿಸಿ ಎಣಿಸಿದ, ಇನ್ನೊಮ್ಮೆ ಎಣಿಸಿದ. "ಹನ್ನೆರಡು. ಸರಿಯಾಗಿದೆ ಟೀಚರ್. ಕೋಣೆ ನಿಮ್ಮದೇ," ಎಂದು ರಿಜಿಸ್ಟರ್ ಮುಚ್ಚಿದ.

ಟೀಚರ್ ಮಡಿಸಿದ ಬಟ್ಟೆಯನ್ನು ಅವನ ಮೇಜಿನ ಮೇಲಿಟ್ಟರು. "ಇದನ್ನ ನಿಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿ. ಎರಡು ವಾರ."

"ಯಾಕೆ ಟೀಚರ್, ಯಾರಾದ್ರೂ ಕದೀತಾರಾ?"

"ಕದಿಯಲ್ಲ. ನಾನೇ ಬರ್ತೀನಿ, ಏನಾದ್ರೂ ನೆಪ ಹೇಳಿ ಕೇಳ್ತೀನಿ," ಎಂದರು ಟೀಚರ್. "ಕೊಡಬೇಡಿ."